ಊಟದ ಮೇಜಿನ ಮೇಲೆ ಯೂರೋಪು

ಕಾರಿನಲ್ಲಿ ಯೂರೋಪ್ ಸುತ್ತುವುದೆಂದು ಒಂದು ಮನೆಯಲ್ಲಿ ತೀರ್ಮಾನವಾಯಿತೆಂದರೆ ಆ ಮನೆಯ ಊಟದ ಮೇಜು ಊಟಕ್ಕೆ ಸಿಗುವುದಿಲ್ಲ. ನಮ್ಮ ಷಡ್ಡಕರ ಮನೆಯಲ್ಲಿ ಯುಗಾದಿಯಿಂದ ಇದೇ ಸ್ಥಿತಿ. ಮೇಜಿನುದ್ದಕ್ಕೂ ಯೂರೋಪ್ ಕಾಲು ಚಾಚಿಕೊಂಡು ಮಲಗಿದೆ. ಮೊಬೈಲಿನಲ್ಲಿ ನಕಾಶೆ ನೋಡುವುದು ಅವರಿಗೆ ಒಗ್ಗದು. ಎರಡು ಬೆರಳಲ್ಲಿ ಹಿಗ್ಗಿಸಿದರೆ ಊರು ಸಿಗುತ್ತದೆ, ದೇಶ ತಪ್ಪಿಹೋಗುತ್ತದೆ ಎನ್ನುತ್ತಾರೆ. ಹಾಗಾಗಿ ಕಾಗದದ್ದೇ ಆಗಬೇಕು. ಈಗ ಆ ಕಾಗದದಲ್ಲಿ ಬಾಸೆಲ್ ಮೇಲೆ ಮಿಡಿ ಉಪ್ಪಿನಕಾಯಿಯ ರಸ ಕೂತಿದೆ, ಲಿಯೋನ್ ಸುತ್ತ ಕಾಫಿ ಲೋಟದ ಉಂಗುರ ಬಿದ್ದಿದೆ. ಅತ್ತಿಗೆಯವರು ತಟ್ಟೆಗಳನ್ನು ಸೋಫಾದ ಹತ್ತಿರಕ್ಕೇ ತಂದುಕೊಡುತ್ತಾ, "ನೀವು ಎಲ್ಲಿಗಾದರೂ ಹೋಗಿ, ನನ್ನ ಮೇಜು ನನಗೆ ಬಿಟ್ಟುಕೊಡಿ" ಎನ್ನುತ್ತಾರೆ. ಟ್ರಿಪ್ಪಿಗೆ ಅವರೂ ಹೊರಟಿದ್ದಾರೆ, ಆ ಮಾತು ಬೇರೆ.

ಷಡ್ಡಕರ ಲೆಕ್ಕ ಸರಳ. ಇಷ್ಟು ದುಡ್ಡು ಸುರಿದು ಹೋದಮೇಲೆ ದೇಶಗಳ ಸಂಖ್ಯೆ ಎರಡಂಕಿ ಮುಟ್ಟಬೇಕು, ದಿನ ಮಾತ್ರ ಹನ್ನೆರಡು ದಾಟಬಾರದು. ಮಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಯಿಂದ ಹೊರಟು ಅವನ ಮನೆಗೇ ವಾಪಸ್ಸು. ಜರ್ಮನಿ, ನೆದರ್‌ಲೆಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಲಿಚ್ಟೆನ್‌ಸ್ಟೈನ್, ಇಟಲಿ, ಆಸ್ಟ್ರಿಯ, ಅಲ್ಲಿಗೆ ಒಂಬತ್ತಾಯಿತು. ಹತ್ತನೆಯದು ಸ್ಯಾನ್ ಮರೀನೋ ಆಗಲೋ ಚೆಕ್ ದೇಶ ಆಗಲೋ ಎಂಬಲ್ಲಿಗೆ ಮಾತು ಬಂದು ನಿಂತಿತ್ತು.

"ಭಾವ, ಲಿಚ್ಟೆನ್‌ಸ್ಟೈನ್ ಉದ್ದಕ್ಕೆ ಅಳೆದರೆ ಇಪ್ಪತ್ತೈದು ಕಿಲೋಮೀಟರು. ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋದಷ್ಟೂ ಇಲ್ಲ. ಅದನ್ನೂ ಒಂದು ದೇಶ ಅಂತ ಎಣಿಸುತ್ತೀರಾ?" ಎಂದೆ.

"ಯಾಕೆ ಎಣಿಸಬಾರದು? ವಿಶ್ವಸಂಸ್ಥೆಯಲ್ಲಿ ಅದಕ್ಕೂ ಒಂದು ಕುರ್ಚಿ ಹಾಕಿದ್ದಾರಲ್ಲ" ಎಂದರು. ಉತ್ತರ ಕೊಡಲಾಗಲಿಲ್ಲ. ವಿಮಾನ ನಿಲ್ದಾಣವೂ ಇಲ್ಲದ, ಸ್ವಂತ ನಾಣ್ಯವನ್ನೂ ಬಿಟ್ಟು ಸ್ವಿಸ್ ಫ್ರಾಂಕ್ ಬಳಸುವ ದೇಶ ಅದು. ಆದರೂ ಕುರ್ಚಿ ಇರುವುದು ನಿಜ.

ಎಣಿಸುವುದೇ ಗುರಿಯಾದರೆ ಅದಕ್ಕೆ ಯೂರೋಪಿನಲ್ಲಿ ಇನ್ನೂ ಒಳ್ಳೆಯ ಜಾಗವಿದೆ. ನೆದರ್‌ಲೆಂಡ್ಸಿನ ದಕ್ಷಿಣದಲ್ಲಿ ಬಾರ್ಲೆ ಅಂತ ಒಂದು ಊರು. ಅದರೊಳಗೆ ಬೆಲ್ಜಿಯಮ್ಮಿನ 22 ತುಂಡುಗಳು ಚೆದುರಿ ಬಿದ್ದಿವೆ, ಆ ತುಂಡುಗಳಲ್ಲಿ ಕೆಲವದರ ಹೊಟ್ಟೆಯಲ್ಲಿ ಮತ್ತೆ ನೆದರ್‌ಲೆಂಡ್ಸಿನ ತುಂಡುಗಳು. ಮಧ್ಯಯುಗದ ಜಹಗೀರುದಾರರು ಗದ್ದೆ, ತೋಟ ಹಂಚಿಕೊಂಡದ್ದು ಇಂದಿಗೂ ಅಂತರರಾಷ್ಟ್ರೀಯ ಗಡಿಯಾಗಿ ಉಳಿದಿದೆ. ಗಡಿಯ ಗೆರೆಯನ್ನು ಕಾಲುದಾರಿಯ ಮೇಲೆ ಬಿಳಿ ಅಡ್ಡಗುರುತುಗಳಲ್ಲಿ ಹಾಕಿದ್ದಾರೆ. ಅದು ಬೀದಿ ದಾಟುತ್ತದೆ, ಅಂಗಡಿಯೊಳಗೆ ನುಗ್ಗುತ್ತದೆ, ಯಾರದೋ ನಡುಮನೆಯಲ್ಲಿ ಹಾದು ಹಿತ್ತಲಿಗೆ ಹೋಗುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು ಎಂಬುದು ಅಲ್ಲಿನ ರೂಢಿ. ಕಾಫಿ ಕುಡಿಯುತ್ತಾ ಕುರ್ಚಿ ಸ್ವಲ್ಪ ಸರಿಸಿದರೆ ದೇಶಾಂತರ. ಅಲ್ಲಿ ಒಂದು ಗಂಟೆ ಅಡ್ಡಾಡಿದರೆ ಷಡ್ಡಕರ ಎಣಿಕೆ ಮೂರಂಕಿ ಮುಟ್ಟುವುದೂ ಕಷ್ಟವಲ್ಲ. ಇದನ್ನು ಹೇಳಿದಾಗ ಅವರು ಗೇಲಿ ಎಂದು ತಿಳಿಯದೆ ಬಾರ್ಲೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಬಿಟ್ಟರು.

ನನ್ನ ವಾದ ಬೇರೆ. ಎಣಿಸಬೇಕಾದ್ದು ದೇಶಗಳನ್ನಲ್ಲ, ಹಾಸಿಗೆಗಳನ್ನು. ದಿನಕ್ಕೊಂದು ಹೋಟೆಲು ಬದಲಿಸುವವನ ಬದುಕು ಹೇಗಿರುತ್ತದೆ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ರೂಮು ಬಿಡಬೇಕು, ಮುಂದಿನ ಊರಿನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆ ರೂಮು ಕೊಡುವುದಿಲ್ಲ. ನಡುವಿನ ನಾಲ್ಕು ಗಂಟೆ ಸಂಸಾರವೆಲ್ಲ ಕಾರಿನಲ್ಲಿ. ಸೂಟ್‌ಕೇಸು ಕಾಣುವ ಹಾಗೆ ಕಾರು ನಿಲ್ಲಿಸಿ ಚರ್ಚು ನೋಡಲು ಹೋದರೆ ವಾಪಸ್ಸು ಬರುವಾಗ ಗಾಜು ಇರುತ್ತದೆಂಬ ಭರವಸೆ ಇಲ್ಲ. ಊರು ತಲುಪಿದ ಮೇಲೆ ಪಾರ್ಕಿಂಗ್ ಹುಡುಕಾಟ, ಲಿಫ್ಟಿಲ್ಲದ ಹಳೇ ಕಟ್ಟಡದ ಮೂರನೇ ಮಹಡಿಗೆ ಸಾಮಾನು ಹೊರುವುದು, ವೈಫೈ ಪಾಸ್‌ವರ್ಡ್. ಅಷ್ಟೊತ್ತಿಗೆ ಕತ್ತಲು. ಇಂಥ ಹನ್ನೆರಡು ದಿನ ಕಳೆದವರು ಹಿಂದಿರುಗಿ ಹೇಳುವುದು ಊರುಗಳ ವಿಷಯವಲ್ಲ, ರಿಸೆಪ್ಷನ್‌ಗಳ ವಿಷಯ. ಮೂರು ಹಾಸಿಗೆ, ಹೆಚ್ಚೆಂದರೆ ನಾಲ್ಕು. ಒಂದೊಂದರಲ್ಲಿ ಮೂರು ರಾತ್ರಿ. ಅಲ್ಲಿಂದ ಸುತ್ತಮುತ್ತ ಓಡಾಡಿ. ಗಡಿ ದಾಟಿ ಮಧ್ಯಾಹ್ನದ ಊಟ ಮಾಡಿ ಸಂಜೆಗೆ ವಾಪಸ್ಸು ಬರುವುದಕ್ಕೆ ಅಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ.

ಅಪ್ಪಣೆ ಬೇಕಿಲ್ಲದ್ದಕ್ಕೆ ಕಾರಣ ಒಂದು ದೋಣಿ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಎಂಬ ದ್ರಾಕ್ಷಿ ಬೆಳೆಯುವ ಪುಟ್ಟ ಹಳ್ಳಿಯ ಹತ್ತಿರ, ಮೊಸೆಲ್ ನದಿಯಲ್ಲಿ, ಪ್ರಿನ್ಸೆಸ್ ಮೇರಿ ಆಸ್ಟ್ರಿಡ್ ಎಂಬ ಪ್ರವಾಸಿ ದೋಣಿಯ ಮೇಲೆ ಐದು ದೇಶಗಳ ಪ್ರತಿನಿಧಿಗಳು ಪರಸ್ಪರ ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರೂ ಕೂಡುವ ಜಾಗ ಅದು. ಐದು ಇದ್ದದ್ದು ಈಗ 29 ಆಗಿದೆ. ರೊಮೇನಿಯ, ಬಲ್ಗೇರಿಯಗಳ ರಸ್ತೆ ಗಡಿ 2025ರ ಜನವರಿ 1ರಂದು ತೆರೆಯಿತು. ಈಗ ಹೆದ್ದಾರಿಯಲ್ಲಿ ಗಡಿ ಎಂದರೆ ನಕ್ಷತ್ರಗಳ ಬಳೆಯೊಳಗೆ ದೇಶದ ಹೆಸರು ಬರೆದ ಒಂದು ನೀಲಿ ಫಲಕ. ಹಿಂದಿನ ಸೀಟಿನವರು ತೂಕಡಿಸುತ್ತಿದ್ದರೆ ಒಂದು ದೇಶವೇ ಕೈತಪ್ಪಿತು. ಹಾಗೆಂದು ಪಾಸ್‌ಪೋರ್ಟನ್ನು ಡಿಕ್ಕಿಯ ತಳದಲ್ಲಿ ಇಡಬೇಡಿ. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ರಸ್ತೆ ಗಡಿಗಳಲ್ಲೂ ತಪಾಸಣೆ ಶುರುಮಾಡಿತು. ತಾತ್ಕಾಲಿಕ ಎಂದು ಹೇಳಿಯೇ ಶುರುಮಾಡಿತು. ತಾತ್ಕಾಲಿಕ ಎಂದರೇನು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ವೀಸಾ. ಯೂರೋಪ್ ಟ್ರಿಪ್ಪಿನ ನಿಜವಾದ ಯೋಜನಾ ಆಯೋಗ ಇದೇ. ನಿಯಮ ಹೀಗಿದೆ: ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೆ ಅರ್ಜಿ. ಎಲ್ಲ ಕಡೆ ಸಮಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಓದುವುದಕ್ಕೆ ಸಲೀಸು. ಆದರೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಹುಡುಕಲು ಕೂತವರ ಮನೆಯಲ್ಲಿ ಈ ನಿಯಮ ತಲೆಕೆಳಗಾಗಿ ಕೆಲಸ ಮಾಡುತ್ತದೆ. ಮೊದಲು ದೇಶ ಆರಿಸಿ ಆಮೇಲೆ ಸ್ಲಾಟ್ ಹುಡುಕುವವರು ಅಮಾಯಕರು. ಅನುಭವಸ್ಥರು ಯಾವ ದೇಶದ ಸ್ಲಾಟ್ ಖಾಲಿ ಇದೆ ಎಂದು ನೋಡುತ್ತಾರೆ, ಆಮೇಲೆ ಅದೇ ದೇಶದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟುತ್ತದೆ. ಷಡ್ಡಕರಿಗೆ ಒಂದು ವಾರ ಇಟಲಿಯ ಮೇಲೆ ಭಕ್ತಿ, ಮರುವಾರ ಆಸ್ಟ್ರಿಯದ ಮೇಲೆ ಮೋಹ. ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು, "ಸ್ಲಾಟ್ ಬಿತ್ತು, ಸ್ಲಾಟ್ ಬಿತ್ತು" ಎಂದು ಕೂಗುವಾಗ ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದಿತೆಂದು ಪಕ್ಕದ ಮನೆಯವರು ಕಿಟಕಿ ತೆಗೆದದ್ದೂ ಉಂಟು.

ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಅದರ ಅರ್ಧ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ಪತ್ರ, ಹೋಟೆಲ್ ಬುಕಿಂಗು. ಜೊತೆಗೆ ಯಾವ ದಿನ ಎಲ್ಲಿರುತ್ತೀರಿ ಎಂಬ ಪಟ್ಟಿ. ಈ ಪಟ್ಟಿ ಬರೆಯುವಾಗ ನಮ್ಮ ಹಿರಿಯರ ಗದ್ಯಶೈಲಿ ನೋಡಬೇಕು: "ಏಳನೇ ದಿನ: ಉಪಾಹಾರ ಸೇವಿಸಿ ಆಲ್ಪ್ಸ್ ಪರ್ವತಗಳನ್ನು ವೀಕ್ಷಿಸುವುದು." ಹೋದ ಮೇಲೆ ಮಳೆ ಮೋಡದಲ್ಲಿ ಆಲ್ಪ್ಸ್ ಕಾಣದಿದ್ದರೆ ರಾಯಭಾರಿ ಕಚೇರಿಗೆ ವಿವರಣೆ ಕೊಡಬೇಕಾಗುತ್ತದೋ ಏನೋ ಎಂಬ ಅಂಜಿಕೆ ಷಡ್ಡಕರಿಗೆ ಇನ್ನೂ ಹೋಗಿಲ್ಲ.

ಅವರಿಗೆ ಇನ್ನೊಂದು ದುಃಖ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ ಹೊಸ ವ್ಯವಸ್ಥೆ ಬಂತು. ಮುಖದ ಫೋಟೋ, ಬೆರಳಚ್ಚು ತೆಗೆದುಕೊಂಡು ಕಂಪ್ಯೂಟರಿಗೆ ಹಾಕುತ್ತಾರೆ, ಪಾಸ್‌ಪೋರ್ಟಿನ ಮೇಲೆ ಠಸ್ಸೆ ಒತ್ತುವ ಕಾಲ ಮುಗಿಯಿತು. "ಠಸ್ಸೆ ಇಲ್ಲದಿದ್ದರೆ ಹೋಗಿಬಂದದ್ದಕ್ಕೆ ಸಾಕ್ಷಿ ಏನು?" ಎಂದು ಪೆಚ್ಚಾದರು. ಆಗ ಮಗ ಫೋನಿನಲ್ಲಿ, ಲಿಚ್ಟೆನ್‌ಸ್ಟೈನಿನ ರಾಜಧಾನಿ ವಾಡುತ್ಸ್‌ನ ಪ್ರವಾಸಿ ಕಚೇರಿಯಲ್ಲಿ ಕೆಲವು ಫ್ರಾಂಕ್ ಕೊಟ್ಟರೆ ನೆನಪಿಗೆಂದು ಪಾಸ್‌ಪೋರ್ಟಿಗೆ ಠಸ್ಸೆ ಹಾಕಿಕೊಡುತ್ತಾರೆ ಎಂದುಬಿಟ್ಟ. ಮುಗಿಯಿತು. ಪಟ್ಟಿಯಿಂದ ಫ್ರಾನ್ಸ್ ಹೋದರೂ ಹೋದೀತು, ಲಿಚ್ಟೆನ್‌ಸ್ಟೈನ್ ಹೋಗುವುದಿಲ್ಲ.

ಓಡಿಸುವವರು ಯಾರು? ಮಗ ಓಡಿಸುತ್ತಾನೆ ಎಂದು ನಾವು ತಿಳಿದಿದ್ದೆವು. ಷಡ್ಡಕರು ಒಪ್ಪಲಿಲ್ಲ. "ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಲಾರಿಗಳ ಮಧ್ಯೆ ಓಡಿಸಿದವನು ನಾನು. ಅಲ್ಲಿ ರಸ್ತೆಯ ಮೇಲೆ ಹಸುವೂ ಇಲ್ಲ, ಗುಂಡಿಯೂ ಇಲ್ಲ. ಏನು ಕಷ್ಟ?" ಎಂದರು. ಕಷ್ಟ ಗುಂಡಿಯದಲ್ಲ, ಎಡ ಬಲದ್ದು. ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಗೈಗೆ, ಕಾರು ರಸ್ತೆಯ ಬಲಕ್ಕೆ. ಇವರ ಮಾರುತಿಯಲ್ಲಿ ಇಂಡಿಕೇಟರಿನ ಕಡ್ಡಿ ಬಲಗೈ ಪಕ್ಕ, ವೈಪರಿನದು ಎಡಕ್ಕೆ. ಯೂರೋಪಿನ ಕಾರುಗಳಲ್ಲಿ ತಿರುಗುಮುರುಗು. ಬಿರುಬಿಸಿಲಿನಲ್ಲಿ, ಪ್ರತಿ ತಿರುವಿಗೆ ಮುಂಚೆ, ಗಾಜು ಒರೆಸಿಕೊಂಡು ಹೊರಟ ಕಾರು ಕಂಡರೆ ಒಳಗೆ ನಮ್ಮವರಿದ್ದಾರೆಂದು ತಿಳಿಯಬಹುದು.

ಎಡ ಬಲದ ಮಾತಿಗೆ ಸ್ವೀಡನ್ನಿನ ಕಥೆ ಹೇಳದಿದ್ದರೆ ಆಗದು. ಆ ದೇಶದಲ್ಲಿ ಮೊದಲು ನಮ್ಮ ಹಾಗೆ ಎಡಕ್ಕೇ ಓಡಿಸುತ್ತಿದ್ದರು. ಸುತ್ತಲಿನ ನಾರ್ವೆ, ಫಿನ್ಲೆಂಡ್, ಡೆನ್ಮಾರ್ಕ್ ಎಲ್ಲ ಬಲಕ್ಕೆ. ಬದಲಾಯಿಸೋಣವೇ ಎಂದು 1955ರಲ್ಲಿ ಜನಮತ ಕೇಳಿದರು. ನೂರಕ್ಕೆ 83 ಮಂದಿ ಬೇಡ ಎಂದರು. ಸರ್ಕಾರ ಆಯಿತು ಎಂದು ಕೇಳಿಸಿಕೊಂಡು, ಕೆಲವು ವರ್ಷ ಸುಮ್ಮನಿದ್ದು, ಆಮೇಲೆ ಬದಲಾಯಿಸಿಯೇಬಿಟ್ಟಿತು. 1967ರ ಸೆಪ್ಟೆಂಬರ್ 3, ಭಾನುವಾರ. ಬೆಳಗಿನ ಜಾವ ನಾಲ್ಕು ಐವತ್ತಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತವು. ನಿಧಾನವಾಗಿ ಎಡದಿಂದ ಬಲಕ್ಕೆ ಸರಿದವು. ಮತ್ತೆ ಕಾದವು. ಐದು ಗಂಟೆಗೆ ಹೊರಟವು. ಒಂದು ಇಡೀ ದೇಶ ಹತ್ತು ನಿಮಿಷದಲ್ಲಿ ಮಗ್ಗುಲು ಬದಲಾಯಿಸಿತು. ಬೆಂಗಳೂರಿನಲ್ಲಿ ಇದನ್ನು ಮಾಡಲು ಹೊರಟರೆ ಏನಾಗಬಹುದೆಂದು ಷಡ್ಡಕರು ಒಂದು ಸಂಜೆಯೆಲ್ಲ ಯೋಚಿಸಿ, "ಏನೂ ಆಗುವುದಿಲ್ಲ, ನಮ್ಮಲ್ಲಿ ಈಗಾಗಲೇ ಎರಡೂ ಕಡೆ ಓಡಿಸುತ್ತಾರೆ" ಎಂಬ ತೀರ್ಮಾನಕ್ಕೆ ಬಂದರು.

ಅವರನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಜರ್ಮನಿ, ಆಸ್ಟ್ರಿಯಗಳ ಇನ್ನೊಂದು ರೂಢಿ. ಹೆದ್ದಾರಿಯಲ್ಲಿ ಟ್ರಾಫಿಕ್ ನಿಧಾನವಾಗುತ್ತಿದ್ದ ಹಾಗೆಯೇ ಎಡ ಸಾಲಿನವರು ಇನ್ನಷ್ಟು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ನಡುವೆ ಒಂದು ದಾರಿ ಬಿಡಬೇಕು. ಸೈರನ್ ಕೇಳಿದ ಮೇಲಲ್ಲ, ಅದಕ್ಕೂ ಮುಂಚೆಯೇ. ಆಂಬುಲೆನ್ಸು, ಪೊಲೀಸು ಬಂದರೆ ಬರಲಿ ಎಂದು. ಬಿಡದಿದ್ದರೆ ಜರ್ಮನಿಯಲ್ಲಿ ಕನಿಷ್ಠ 200 ಯೂರೋ ದಂಡ, ಜೊತೆಗೆ ಒಂದು ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. "ನಡುವೆ ಅಷ್ಟು ಜಾಗ ಖಾಲಿ ಬಿಟ್ಟರೆ ಆಟೋದವರು ನುಗ್ಗುವುದಿಲ್ಲವೇ?" ಎಂದು ಮಗನನ್ನು ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಗಿತ್ತೋ ನಗುತ್ತಿದ್ದನೋ.

ಲೈಸೆನ್ಸಿನ ವಿಷಯ ಬೇಗ ಮುಗಿಯುವಂಥದು. ನಮ್ಮ ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೊಡುತ್ತಾರೆ. ಒಂದು ವರ್ಷದ ಅವಧಿ. ಮೂಲ ಲೈಸೆನ್ಸನ್ನೂ ಜೊತೆಗೇ ಒಯ್ಯಬೇಕು, ಇದೊಂದೇ ತೋರಿಸಿದರೆ ನಡೆಯುವುದಿಲ್ಲ. ಬಾಡಿಗೆ ಕಾರಿನ ವಿಷಯ ಅಷ್ಟು ಬೇಗ ಮುಗಿಯುವುದಿಲ್ಲ. ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಅದರಲ್ಲಿ ಠೇವಣಿಯೆಂದು ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಯಾವ ಯಾವ ದೇಶಕ್ಕೆ ಒಯ್ಯುತ್ತೀರೆಂದು ಮೊದಲೇ ಹೇಳಿ ಬರೆಸಿಕೊಳ್ಳಬೇಕು. ಒಂದು ದೇಶದಲ್ಲಿ ತೆಗೆದುಕೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಅದಕ್ಕೆ ಬೀಳುವ ಶುಲ್ಕದಲ್ಲಿ ಎರಡು ದಿನ ಹೋಟೆಲಿನಲ್ಲಿ ಇರಬಹುದು. ಹಾಗಾಗಿ ಹೊರಟಲ್ಲಿಗೇ ಬಂದು ಸೇರುವ ಷಡ್ಡಕರ ಯೋಜನೆಗೆ ನನ್ನ ಪೂರ್ಣ ಬೆಂಬಲ. ಆಟೋಮ್ಯಾಟಿಕ್ ಬೇಕೆಂದರೆ ತಿಂಗಳುಗಳ ಮುಂಚೆ ಹೇಳಿ. ಬಲಗೈಯಲ್ಲಿ ಗೇರ್ ಹುಡುಕುವ ವಯಸ್ಸು ಎಲ್ಲರಿಗೂ ಇರುವುದಿಲ್ಲ.

ಇನ್ನು ರಸ್ತೆ ಸುಂಕ. ಇದರಲ್ಲಿ ಯೂರೋಪಿನ ಒಗ್ಗಟ್ಟು ಪೂರ್ತಿ ಬಿಚ್ಚಿಹೋಗುತ್ತದೆ. ಫ್ರಾನ್ಸ್, ಇಟಲಿಗಳಲ್ಲಿ ನಮ್ಮ ಟೋಲ್ ಗೇಟಿನ ಹಾಗೆಯೇ, ಓಡಿದಷ್ಟು ದೂರಕ್ಕೆ ದುಡ್ಡು. ಹಳದಿ ಬಣ್ಣದ ಸಾಲು ಇಟಲಿಯಲ್ಲಿ ಅವರ ಫಾಸ್ಟ್ಯಾಗ್ ಇದ್ದವರಿಗೆ ಮಾತ್ರ, ಅದಕ್ಕೆ ನುಗ್ಗಬೇಡಿ. ಆಸ್ಟ್ರಿಯದಲ್ಲಿ ಒಂದು ದಿನ, ಹತ್ತು ದಿನ, ಎರಡು ತಿಂಗಳು, ವರ್ಷ ಎಂದು ವಿನ್ಯೆಟ್ ಎಂಬ ಸುಂಕದ ಚೀಟಿ ಮಾರುತ್ತಾರೆ. ಅದನ್ನು ಕೊಂಡವರೂ ಇಟಲಿಗೆ ಇಳಿಯುವ ಬ್ರೆನ್ನರ್ ಹೆದ್ದಾರಿಗೆ ಬೇರೆಯೇ ಕೊಡಬೇಕು. ಸ್ವಿಟ್ಜರ್ಲೆಂಡಿನದು ಒಂದೇ ಮಾತು: 40 ಫ್ರಾಂಕ್. ಒಂದು ಗಂಟೆ ಓಡಿಸಿದರೂ ಅಷ್ಟೇ, ವರ್ಷವೆಲ್ಲ ಓಡಿಸಿದರೂ ಅಷ್ಟೇ. ಅವರ ವರ್ಷಕ್ಕೆ ಹದಿನಾಲ್ಕು ತಿಂಗಳು, ಹಿಂದಿನ ಡಿಸೆಂಬರ್ 1ರಿಂದ ಮುಂದಿನ ಜನವರಿ 31ರವರೆಗೆ. ಇದನ್ನು 100 ಫ್ರಾಂಕಿಗೆ ಏರಿಸಲು ಸರ್ಕಾರ ಹೊರಟಾಗ 2013ರಲ್ಲಿ ಜನ ಮತ ಹಾಕಿ ಬೇಡ ಎಂದರು. ಅಲ್ಲಿ ಜನ ಬೇಡ ಎಂದರೆ ಬೇಡ, ಸ್ವೀಡನ್ನಿನ ಹಾಗಲ್ಲ.

ಜರ್ಮನಿಯಲ್ಲಿ ಕಾರುಗಳಿಗೆ ಸುಂಕವೇ ಇಲ್ಲ. ಹಾಕಬೇಕೆಂಬ ಆಸೆ ಅವರಿಗೂ ಇತ್ತು. ಎಲ್ಲರಿಂದಲೂ ವಸೂಲಿ ಮಾಡುವುದು, ತಮ್ಮವರಿಗೆ ಮಾತ್ರ ವಾಹನ ತೆರಿಗೆಯಲ್ಲಿ ಅಷ್ಟನ್ನೇ ಕಳೆಯುವುದು, ಅಂದರೆ ಕೊಡುವವರು ಪರದೇಶದವರು ಮಾತ್ರ. ಆಸ್ಟ್ರಿಯ ನ್ಯಾಯಾಲಯಕ್ಕೆ ಹೋಯಿತು. 2019ರ ಜೂನ್‌ನಲ್ಲಿ ಯೂರೋಪಿಯನ್ ನ್ಯಾಯಾಲಯ ಇದು ಪಕ್ಷಪಾತ ಎಂದು ಹೇಳಿ ಯೋಜನೆಯನ್ನು ತಳ್ಳಿಹಾಕಿತು. ಈ ಕಥೆ ಕೇಳಿ ಷಡ್ಡಕರಿಗೆ ಜರ್ಮನರ ಮೇಲೆ ಹೊಸದಾಗಿ ಆತ್ಮೀಯತೆ ಹುಟ್ಟಿದೆ. ನಮ್ಮಂಥವರೇ ಎಂದು.

ದಂಡದ ವಿಷಯದಲ್ಲಿ ಆ ಆತ್ಮೀಯತೆ ಉಳಿಯಲಿಕ್ಕಿಲ್ಲ. ಸ್ವಿಟ್ಜರ್ಲೆಂಡಿನ ಊರೊಳಗೆ ಮಿತಿಗಿಂತ ಐದೇ ಕಿಲೋಮೀಟರ್ ವೇಗ ಹೆಚ್ಚಾದರೂ 40 ಫ್ರಾಂಕ್. ಫಿನ್ಲೆಂಡಿನಲ್ಲಿ ಆದಾಯ ನೋಡಿ ದಂಡ ಹಾಕುತ್ತಾರೆ. 2023ರಲ್ಲಿ ಒಬ್ಬ ಸಿರಿವಂತರು 50ರ ವಲಯದಲ್ಲಿ 82ರಲ್ಲಿ ಓಡಿಸಿ 1,21,000 ಯೂರೋ ಕಟ್ಟಿದರು. ಇಟಲಿಯದು ಮೆತ್ತಗಿನ ಏಟು. ಫ್ಲಾರೆನ್ಸಿನಂಥ ಹಳೇ ಊರುಗಳ ನಡುಭಾಗಕ್ಕೆ ಅನುಮತಿ ಇಲ್ಲದ ಕಾರು ಹೋಗುವಂತಿಲ್ಲ. ಕೆಂಪು ವೃತ್ತದ ಒಂದು ಫಲಕ, ಪಕ್ಕದಲ್ಲಿ ಕ್ಯಾಮೆರಾ. ಯಾರೂ ತಡೆಯುವುದಿಲ್ಲ, ಶಿಳ್ಳೆ ಹೊಡೆಯುವುದಿಲ್ಲ. ಊರಿಗೆ ಬಂದು, ಫೋಟೋ ಎಲ್ಲ ನೆಂಟರಿಗೆ ತೋರಿಸಿ ಮುಗಿದು, ಟ್ರಿಪ್ಪು ಮರೆತೇಹೋದ ಮೇಲೆ ಕಾಗದ ಬರುತ್ತದೆ. ಪರದೇಶದವರಿಗೆ ನೋಟಿಸು ಕಳಿಸಲು ಅಲ್ಲಿನ ಕಾನೂನು 360 ದಿನ ಕೊಟ್ಟಿದೆ. ಅದಕ್ಕೂ ಮುಂಚೆ ಬಾಡಿಗೆ ಕಂಪನಿ ನಿಮ್ಮ ಹೆಸರು ವಿಳಾಸ ಪೊಲೀಸರಿಗೆ ಕೊಟ್ಟ ಶ್ರಮಕ್ಕೆ ತನ್ನ ಫೀಸು ಮುರಿದುಕೊಂಡಿರುತ್ತದೆ. ಊರ ಹೊರಗೆ ಕಾರು ನಿಲ್ಲಿಸಿ ಟ್ರಾಮ್ ಹಿಡಿಯಿರಿ.

ನಿಲ್ಲಿಸುವುದಕ್ಕೂ ಒಂದು ಸಾಮಾನು ಬೇಕು, ಅದು ನನಗೆ ಬಹಳ ಹಿಡಿಸಿದ್ದು. ಅಂಗೈಯಗಲದ ನೀಲಿ ರಟ್ಟು, ಒಳಗೆ ತಿರುಗುವ ಒಂದು ಗಡಿಯಾರದ ಬಿಲ್ಲೆ. ಕೆಲವು ಬೀದಿಗಳಲ್ಲಿ ಒಂದೆರಡು ಗಂಟೆ ಪಾರ್ಕಿಂಗ್ ಉಚಿತ. ಬಂದ ಹೊತ್ತನ್ನು ಬಿಲ್ಲೆಯಲ್ಲಿ ನೀವೇ ತಿರುಗಿಸಿ ಗಾಜಿನ ಹಿಂದೆ ಇಡಬೇಕು. ಜರ್ಮನಿಯಲ್ಲಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಂದರೆ ಹತ್ತೂವರೆಗೆ ಇಡುವುದೇ ನಿಯಮ, ಮುಂದಿನ ಅರ್ಧ ಗಂಟೆಯ ಗೆರೆಗೆ. ಇಪ್ಪತ್ತು ನಿಮಿಷ ಸರ್ಕಾರವೇ ಕೊಟ್ಟ ಉಡುಗೊರೆ. ಮೊದಲ ಸಲ ಇದನ್ನು ಕಂಡಾಗ ಮನಸ್ಸಿಗೆ ಬರುವ ಪ್ರಶ್ನೆ ಎಲ್ಲರದೂ ಒಂದೇ: ಮಧ್ಯೆ ಬಂದು ಬಿಲ್ಲೆ ತಿರುಗಿಸಿದರೆ ಗೊತ್ತಾಗುವುದು ಹೇಗೆ? ಷಡ್ಡಕರೂ ಅದನ್ನೇ ಕೇಳಿದರು. ಮಗ, "ಅಪ್ಪಾ, ದಯವಿಟ್ಟು" ಎಂದ.

ಊಟದ ಪಟ್ಟಿ ಅತ್ತಿಗೆಯವರ ಇಲಾಖೆ. ಗೊಜ್ಜವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿದ ಉಪ್ಪಿಟ್ಟಿನ ರವೆ, ಒಂದು ಪುಟ್ಟ ರೈಸ್ ಕುಕ್ಕರ್. ತುಪ್ಪದ ಡಬ್ಬಿಯಲ್ಲಿ ತಕರಾರು ಬಂತು. ಯೂರೋಪಿಯನ್ ಒಕ್ಕೂಟದೊಳಕ್ಕೆ ನಮ್ಮಂಥ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ತುಪ್ಪ ಹಾಲಿನದೇ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅಲ್ಲಿಗೆ ಕರಿಬೇವು ಹೋಯಿತು, ಮಾವಿನ ಹಣ್ಣೂ ಹೋಯಿತು. ವಿನಾಯಿತಿ ಇರುವುದು ಐದೇ ಹಣ್ಣಿಗೆ: ಬಾಳೆ, ತೆಂಗು, ಅನಾನಸ್, ಖರ್ಜೂರ, ಡ್ಯೂರಿಯನ್. ಹಿಂಡಿ ಹಿಂಡಿ ನಿಯಮ ಮಾಡುವ ಜನ ಡ್ಯೂರಿಯನ್ನಿನ ವಾಸನೆಗೆ ಹೇಗೆ ಬಾಗಿಲು ತೆರೆದರೋ ತಿಳಿಯದು. ಬಾಳೆ, ತೆಂಗು ಇದ್ದರೆ ಪೂಜೆಗಂತೂ ತೊಂದರೆಯಿಲ್ಲ ಎಂದು ಅತ್ತಿಗೆಯವರು ಸಮಾಧಾನ ಮಾಡಿಕೊಂಡರು. ಹೋಟೆಲ್ ರೂಮಿನಲ್ಲಿ ಒಗ್ಗರಣೆ ಹಾಕುವ ವಿಚಾರ ಮಾತ್ರ ಬಿಡಬೇಕು. ಸಾಸಿವೆ ಸಿಡಿಯುವ ಮುಂಚೆ ಚಾವಣಿಯ ಹೊಗೆ ಗಂಟೆ ಸಿಡಿಯುತ್ತದೆ. ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಬೆಲೆಯೂ ಹಿತ. ಜರ್ಮನಿ, ಆಸ್ಟ್ರಿಯಗಳಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಮೊಸರು ಶನಿವಾರವೇ ತಂದಿಡಿ. ಮರೆತರೆ ಪೆಟ್ರೋಲ್ ಬಂಕೇ ಗತಿ. ಬಂಕೆಂದಾಗ ನೆನಪಾಯಿತು, ಅಲ್ಲಿ ಪೆಟ್ರೋಲಿನ ಗುರುತು ವೃತ್ತ, ಡೀಸೆಲ್ಲಿನದು ಚೌಕ. 2018ರಿಂದ ಎಲ್ಲ ದೇಶದಲ್ಲೂ ಒಂದೇ. ಭಾಷೆ ಬರದಿದ್ದರೂ ಆಕಾರ ನೋಡಿ ತುಂಬಿಸಿ.

ಹೀಗೆ ಪಟ್ಟಿಯ ಮೇಲೆ ಪಟ್ಟಿ ಬೆಳೆದು ಅತ್ತಿಗೆಯವರಿಗೇ ಬೇಸರ ಬಂದ ದಿನ ನಾನು ಬರ್ತಾ ಬೆಂಜ್ ಅವರ ಕಥೆ ಹೇಳಿದೆ. 1888ರ ಆಗಸ್ಟ್. ಗಂಡ ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿ ಮಾಡಿ ಪೇಟೆಂಟ್ ಪಡೆದಿದ್ದ, ಕೊಳ್ಳುವವರಿರಲಿಲ್ಲ. ಕಂಪನಿಗೆ ಬಿದ್ದಿದ್ದ ದುಡ್ಡಿನಲ್ಲಿ ಬರ್ತಾ ತವರಿನಿಂದ ತಂದದ್ದೂ ಇತ್ತು. ಒಂದು ಬೆಳಗ್ಗೆ ಗಂಡನಿಗೆ ಒಂದು ಮಾತೂ ಹೇಳದೆ, ಇಬ್ಬರು ಹುಡುಗರನ್ನು ಕರೆದುಕೊಂಡು, ಗಾಡಿ ಹೊರಗೆ ತೆಗೆದು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟರು. ನೂರು ಕಿಲೋಮೀಟರಿಗೂ ಮೇಲೆ. ಹೋದದ್ದು ಎಲ್ಲಿಗೆ? ತಾಯಿಯ ಮನೆಗೆ. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ಹೊಯ್ದರು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅದೇ ಎಂದು ಆ ಊರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚುವ ಉದ್ದ ಸೂಜಿಯಿಂದ ಬಿಡಿಸಿದರು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದರು. ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯುವವನ ಕೈಯಲ್ಲಿ ತೊಗಲು ಹೊಡೆಸಿದರು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಸಂಜೆ ತಲುಪಿದ ಮೇಲೆ ಗಂಡನಿಗೆ ತಂತಿ ಕಳಿಸಿದರು.

"ವೀಸಾ ಇಲ್ಲ, ನಕಾಶೆ ಇಲ್ಲ, ಗಂಡನೂ ಇಲ್ಲ. ಅದಕ್ಕೇ ಸಲೀಸಾಗಿ ಹೋಗಿಬಂದಿದ್ದಾಳೆ" ಎಂದರು ಅತ್ತಿಗೆ. ಅವರಿಗೆ ಬರ್ತಾ ಎಷ್ಟು ಇಷ್ಟವಾದರೆಂದರೆ ಆ ದಾರಿಯಲ್ಲಿ ಒಂದು ದಿನ ಓಡಾಡಲೇಬೇಕು ಎಂದು ಹಟ ಹಿಡಿದಿದ್ದಾರೆ. ಫೋರ್ಟ್ಸ್‌ಹೈಮ್ ಸ್ಟುಟ್‌ಗಾರ್ಟಿನಿಂದ ಮುಕ್ಕಾಲು ಗಂಟೆಯ ದಾರಿ. ಈಗ ಆ ಹಾದಿಗೆ ಬರ್ತಾ ಅವರದೇ ಹೆಸರಿನ ಫಲಕಗಳಿವೆ. ಷಡ್ಡಕರ ಆಕ್ಷೇಪ ಒಂದೇ: ಅಷ್ಟು ಓಡಿಸಿದರೂ ಅದೆಲ್ಲ ಒಂದೇ ದೇಶದೊಳಗೆ.

ಅವರಿಗೆ ಬೇಕಾದ್ದು ಸ್ಟೆಲ್ವಿಯೋ. ಇಟಲಿಯ ಆಲ್ಪ್ಸ್‌ನಲ್ಲಿ 2,757 ಮೀಟರ್ ಎತ್ತರದ ಕಣಿವೆ ದಾರಿ, ಪ್ರಾಟೋ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು, ಒಂದೊಂದಕ್ಕೂ ನಂಬರು. ಆಗುಂಬೆಯ 14 ತಿರುವುಗಳನ್ನು ಕಣ್ಣುಮುಚ್ಚಿ ಹತ್ತುತ್ತೇನೆ ಎನ್ನುವವರಿಗೆ ಇದರ ಸೆಳೆತ ಸಹಜ. ಹಾರ್ನ್ ಹೊಡೆಯದೆ ಘಾಟಿ ಹತ್ತುವುದು ಹೇಗೆ ಎಂಬುದೊಂದೇ ಅವರ ಚಿಂತೆ. ಅದಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಒಂದು ಸುಂದರ ಅಪವಾದವಿದೆ. ಬೆಟ್ಟದ ರಸ್ತೆಗಳಲ್ಲಿ ಓಡುವ ಹಳದಿ ಅಂಚೆ ಬಸ್ಸು ಕುರುಡು ತಿರುವಿನಲ್ಲಿ ಮೂರು ಸ್ವರದ ಹಾರ್ನ್ ಊದುತ್ತದೆ. ರೊಸ್ಸೀನಿಯ 'ವಿಲಿಯಂ ಟೆಲ್' ಸಂಗೀತದಿಂದ ತೆಗೆದ ಮೂರು ಸ್ವರ. ಅಂಚೆ ಕಹಳೆಯ ಚಿಹ್ನೆಯಿರುವ ಆ ರಸ್ತೆಗಳಲ್ಲಿ ಬಸ್ಸಿಗೇ ಮೊದಲ ಹಕ್ಕು, ಡ್ರೈವರು ಹಿಂದಕ್ಕೆ ಹೋಗೆಂದರೆ ಹೋಗಬೇಕು. ಘಾಟಿಯಲ್ಲಿ ಬಸ್ಸಿಗೆ ದಾರಿ ಬಿಡುವ ಸಂಸ್ಕಾರ ನಮ್ಮವರಿಗೆ ಹೊಸದಲ್ಲ, ನಮ್ಮಲ್ಲಿ ಅದಕ್ಕೆ ಚಿಹ್ನೆ ಬೇಕಾಗಿಲ್ಲ ಅಷ್ಟೆ.

ಇಷ್ಟೆಲ್ಲ ಆದಮೇಲೆ ಗೊತ್ತಾದ ಒಂದು ಸಂಗತಿಯಿಂದ ಇಡೀ ಯೋಜನೆ ಬುಡಮೇಲಾಯಿತು. ಜೊತೆಗೆ ಹೊರಟಿರುವ ಷಡ್ಡಕರ ಮೊಮ್ಮಗಳ ಶಾಲೆಗೆ ರಜೆ ಏಪ್ರಿಲ್, ಮೇ. ಸ್ಟೆಲ್ವಿಯೋ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಗೆ, ಹಿಮ ಹೆಚ್ಚಾದರೆ ಇನ್ನೂ ತಡ. ಗೊತ್ತಾರ್ಡ್, ಫುರ್ಕಾ ಮೊದಲಾದ ಎತ್ತರದ ಕಣಿವೆಗಳೂ ಹಾಗೆಯೇ. ಅಷ್ಟೊತ್ತಿಗೆ ನಮ್ಮಲ್ಲಿ ಶಾಲೆ ಬಾಗಿಲು ತೆರೆದಿರುತ್ತದೆ. ಬೇಸಿಗೆ ರಜೆಯಲ್ಲಿ ಹೋದವರು ಗೊತ್ತಾರ್ಡಿನ 16.9 ಕಿಲೋಮೀಟರ್ ಸುರಂಗದಲ್ಲಿ ನುಗ್ಗಿ ಆಚೆ ಬರಬೇಕು. ಆಲ್ಪ್ಸ್ ನೋಡಲು ಹೋಗಿ ಸುರಂಗದ ಗೋಡೆ ನೋಡಿ ಬಂದ ಹಾಗೆ. ಕೊನೆಗೆ ದಸರಾ ರಜೆಗೆ ಹೊರಡುವುದೆಂದಾಯಿತು. ಮ್ಯೂನಿಕ್ ಮಾತ್ರ ಬಿಟ್ಟಿದ್ದಾರೆ, ಆ ಹೊತ್ತಿಗೆ ಅಲ್ಲಿ ಬಿಯರ್ ಜಾತ್ರೆ ಇದ್ದರೆ ರೂಮಿನ ಬೆಲೆ ಕೇಳುವ ಹಾಗಿಲ್ಲ. ದೇಶಗಳು ಹತ್ತರಿಂದ ಐದಕ್ಕೆ ಇಳಿದಿವೆ, ಹಾಸಿಗೆ ನಾಲ್ಕಕ್ಕೆ. ಐದರಲ್ಲಿ ಒಂದು ಲಿಚ್ಟೆನ್‌ಸ್ಟೈನ್.

ಮಕ್ಕಳ ರಜೆ ನೋಡಿಕೊಂಡು ಹೊರಡುವ ಆಲೋಚನೆ ನಿಮಗೂ ಇದ್ದರೆ ದಸರಾ ಹಿಡಿಯಿರಿ. ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು. ಅಂದರೆ ಸ್ಲಾಟ್ ಹುಡುಕಲು ಕೂರಬೇಕಾದ್ದು ಯುಗಾದಿ ಹೋಳಿಗೆ ತಿಂದ ಮಾರನೆಯ ದಿನ.